30 ಎಲೆಯ ಮದುವೆ: ಮಳೆ ಬಿಟ್ಟ ಮೇಲೆ ಮಲೆನಾಡಲ್ಲಿ ಎಲ್ಲಿ ಮಾಡೋದು?

ನಮ್ಮ ಕಡೆ ಮದುವೆ ದೊಡ್ಡದೋ ಸಣ್ಣದೋ ಅಂತ ಅಳೆಯುವುದು ಎಲೆ ಲೆಕ್ಕದಲ್ಲಿ. "ಎಷ್ಟು ಎಲೆ ಬಿತ್ತು?" ಅಂದರೆ ಎಷ್ಟು ಜನ ಉಂಡರು ಅಂತ. ಸಾಗರದ ಸುತ್ತ ಸಾಧಾರಣ ಮದುವೆ ಅಂದರೂ 600, 800 ಎಲೆ ಬೀಳುತ್ತದೆ. ನನ್ನ ಮದುವೆಗೆ ಬಿದ್ದದ್ದು 34. ಊರಲ್ಲಿ ಆರು ತಿಂಗಳು ಇದೇ ಮಾತು. "ಓಡಿ ಹೋಗಿ ಆದ್ರಂತೆ" ಅಂತ ಒಬ್ಬರು, "ಸಾಲ ಜಾಸ್ತಿ ಆಗಿತ್ತಂತೆ" ಅಂತ ಇನ್ನೊಬ್ಬರು. ಎರಡೂ ಅಲ್ಲ. ಧಾರೆ ಎರೆಯುವಾಗ ಎದುರಿಗೆ ಕೂತವರ ಹೆಸರು ನಮಗೆ ಗೊತ್ತಿರಬೇಕು ಅನ್ನಿಸಿತ್ತು, ಅಷ್ಟೇ.

ಅಲ್ಲಿಂದ ಈಚೆಗೆ ವರ್ಷಕ್ಕೆ ಮೂರ್ನಾಲ್ಕು ಫೋನು ಬರುತ್ತವೆ. ಗೆಳತಿಯ ತಂಗಿ, ಗಂಡನ ಆಫೀಸಿನವರು, ಒಮ್ಮೆ ಬಸ್ಸಲ್ಲಿ ಪಕ್ಕ ಕೂತಿದ್ದ ಹುಡುಗಿ. ಎಲ್ಲರ ಪ್ರಶ್ನೆ ಒಂದೇ. ಮಳೆ ಬಿಟ್ಟಿರಬೇಕು, ಹಸಿರು ಇರಬೇಕು, ಬೆಟ್ಟ ಕಾಣಬೇಕು, 30 ಜನ. ತೋಟದ ಮನೆಯಾ, ಹೋಂಸ್ಟೇನಾ, ಕುಪ್ಪಳಿಯಾ, ದೇವಸ್ಥಾನವಾ? ಪ್ರತಿ ಸಲ ಮುಕ್ಕಾಲು ಗಂಟೆ ಮಾತಾಡುವ ಬದಲು ಒಂದೇ ಸಲ ಬರೆದಿಡೋಣ ಅಂತ ಕೂತೆ.

ಜಾಗಕ್ಕಿಂತ ಮೊದಲು ದಿನ

ಎಲ್ಲರೂ ಜಾಗ ಹುಡುಕಿ ಆಮೇಲೆ ದಿನ ನೋಡುತ್ತಾರೆ. ಮಲೆನಾಡಲ್ಲಿ ಇದು ಉಲ್ಟಾ ಆಗಬೇಕು. ಇಲ್ಲಿ ಎರಡು ವಾರ ಹಿಂದೆ ಮುಂದೆ ಆದರೆ ಅದೇ ಅಂಗಳ ಬೇರೆಯೇ ಅಂಗಳ.

ಅಕ್ಟೋಬರ್ ನೋಡಲು ಚಂದ. ಗದ್ದೆ ಹೊಡೆ ತುಂಬಿ ನಿಂತಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ಜೋಗ ಇನ್ನೂ ಬತ್ತಿರುವುದಿಲ್ಲ. ಫೋಟೋ ನೋಡಿದವರೆಲ್ಲ ಬೇಕು ಅನ್ನುವುದು ಇದನ್ನೇ. ಆದರೆ ಮುಂಗಾರು ವಾಪಸ್ ಹೋಗುವ ಹೊತ್ತಿನ ಮಳೆ ಭಾರೀ ತರಲೆ. ಬೆಳಗ್ಗೆ ಬಣ್ಣ ಬಣ್ಣದ ಬಿಸಿಲು, ಮಧ್ಯಾಹ್ನ ಮೂರಕ್ಕೆ ಗುಡುಗು. ಜುಲೈ ಮಳೆಗಾದರೆ ಮನಸ್ಸು ಸಿದ್ಧ ಇರುತ್ತದೆ, ಇದಕ್ಕೆ ಇರುವುದಿಲ್ಲ. ಹುಲ್ಲಲ್ಲಿ ಇಂಬಳ, ಅಂದರೆ ಜಿಗಣೆ, ಇನ್ನೂ ಇರುತ್ತವೆ. ರೇಷ್ಮೆ ಸೀರೆಯ ನೆರಿಗೆಯೊಳಗೆ ಇಂಬಳ ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಮದುಮಗಳ ಅತ್ತೆಯ ಸೀರೆ, ಹಾಗಾಗಿ ಯಾರೂ ನಗುವ ಹಾಗೂ ಇರಲಿಲ್ಲ. ಮೇಲಿಂದ ದಸರಾ ರಜೆ. ಜೋಗದ ರಸ್ತೆ ತುಂಬ ಬೆಂಗಳೂರಿನ ಕಾರು.

ಭೂಮಿ ಹುಣ್ಣಿಮೆಯ ಆಚೀಚೆ ದಿನವನ್ನಂತೂ ಬಿಡಿ. ಆಶ್ವಯುಜದ ಹುಣ್ಣಿಮೆಗೆ ಬಸುರಿ ಭೂಮಿತಾಯಿಗೆ ಬಯಕೆ ಊಟ ಹಾಕುವ ಹಬ್ಬ ಅದು. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ. ಅಂಥ ವಾರದಲ್ಲಿ ನಿಮ್ಮ ಮದುವೆಗೆ ಊರಿನ ಒಂದು ಕೈಯೂ ಸಿಗುವುದಿಲ್ಲ.

ಪಂಚಾಂಗ ನೋಡುವ ಮನೆಯಾದರೆ ಅಕ್ಟೋಬರ್ ತಾನಾಗಿಯೇ ಬಿದ್ದು ಹೋಗುತ್ತದೆ. ಚಾತುರ್ಮಾಸ ಮುಗಿದು ತುಳಸಿ ಪೂಜೆ, ಅಂದರೆ ಉತ್ಥಾನ ದ್ವಾದಶಿ, ಆದ ಮೇಲೇ ಹೆಚ್ಚಿನ ಪುರೋಹಿತರು ಮುಹೂರ್ತ ಇಟ್ಟು ಕೊಡುವುದು. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಹಿಡಿದರೆ ಮತ್ತೆ ಸಂಕ್ರಾಂತಿವರೆಗೆ ಇಲ್ಲ. 2025ರಲ್ಲಿ ತುಳಸಿ ಪೂಜೆ ನವೆಂಬರ್ ಮೊದಲ ವಾರದಲ್ಲೇ ಬಂದಿತ್ತು, ಆರು ವಾರ ಸಿಕ್ಕಿತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದು ನವೆಂಬರ್ 20 ದಾಟಿ ಬರುತ್ತದೆ. ಸಿಗುವುದು ಮೂರೂವರೆ ವಾರ. ಇಷ್ಟರಲ್ಲೇ ಊರಿನ ಮದುವೆಯೆಲ್ಲ ಆಗಬೇಕು. ಪುರೋಹಿತರನ್ನೂ ಅಡುಗೆಯವರನ್ನೂ ಮಳೆಗಾಲದಲ್ಲೇ ಹಿಡಿದಿಟ್ಟುಕೊಳ್ಳಿ.

ನನ್ನ ಆಯ್ಕೆ ನವೆಂಬರ್ ಕೊನೆ. ಬೆಳಗ್ಗೆ ಇಬ್ಬನಿ, ಹತ್ತು ಗಂಟೆಗೆ ಹದವಾದ ಬಿಸಿಲು, ದರೆಯ, ಅಂದರೆ ಕಡಿದಾದ ಇಳಿಜಾರಿನ, ಮಣ್ಣು ಒಣಗಿ ಕಾರು ಹತ್ತುತ್ತದೆ. ಆಗುಂಬೆಯಲ್ಲೂ ಸೂರ್ಯ ಮುಳುಗುವುದು ಕಾಣುತ್ತದೆ. ಅಕ್ಟೋಬರಿನಲ್ಲಿ ಎಷ್ಟೋ ದಿನ ಅಲ್ಲಿ ಮೋಡ ಮಾತ್ರ. ಡಿಸೆಂಬರಿಗೆ ಹೋದರೆ ಆಕಾಶ ಇನ್ನೂ ಸ್ವಚ್ಛ, ಆದರೆ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ಕಾಲ ಶುರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ರೋಗ, ಉಣ್ಣೆ ಹುಳ (ಉಣುಗು) ಕಚ್ಚಿ ಹರಡುತ್ತದೆ. ಹೆದರಿ ಓಡಬೇಕಿಲ್ಲ. ಆದರೆ ಪೇಟೆಯಿಂದ ಬಂದ ಮಕ್ಕಳನ್ನು ಸುಮ್ನೆ ದರಗಿನ, ಅಂದರೆ ಉದುರಿದ ಒಣ ಎಲೆಯ, ಮೇಲೆ ಹೊರಳಾಡಲು ಬಿಡಬೇಡಿ.

ತೋಟದ ಮನೆಯ ಅಂಗಳ

ಅಜ್ಜನ ಮನೆಯೋ, ಮಾವನ ಮನೆಯೋ, ಯಾರದ್ದಾದರೂ ತೋಟದ ಮನೆ ಇದ್ದರೆ ನನ್ನ ಮೊದಲ ಓಟು ಅದಕ್ಕೇ. ಜಗಲಿ ಇದೆ, ಅಂಗಳ ಇದೆ, ಬಾಳೆ ಎಲೆ ಹಿತ್ತಲಲ್ಲೇ ಇದೆ. ಧಾರೆ ಆಗಿ ಸಂಜೆ ನಾಲ್ಕಾದರೂ "ಹಾಲ್ ಖಾಲಿ ಮಾಡಿ" ಅನ್ನುವವರು ಯಾರೂ ಇಲ್ಲ. ಇದೊಂದೇ ಕಾರಣ ಸಾಕು.

ಆದರೆ ಇದರಲ್ಲಿ ಒಂದು ತೊಡಕಿದೆ. ಹೊರಗಿನವರಿಗೆ ಅದು ತಲೆಗೇ ಬರುವುದಿಲ್ಲ. ನವೆಂಬರ್ ಅಂದರೆ ಅಡಿಕೆ ಕೊಯ್ಲು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಯಾವತ್ತು ಬರುತ್ತಾನೆ ಅನ್ನುವುದರ ಮೇಲೆ ಮನೆಯವರ ಊಟ, ನಿದ್ದೆ, ನೆಂಟರ ಮನೆಗೆ ಹೋಗುವುದು ಎಲ್ಲ ನಿಂತಿರುತ್ತದೆ. ಹಗಲು ಕೊಯ್ಲು, ರಾತ್ರಿ ಸುಲಿಯುವುದು, ಬೆಳಗಿನ ಜಾವಕ್ಕೆ ಹಂಡೆಯಲ್ಲಿ ಬೇಯಿಸುವುದು. ಬೇಯಿಸಿದ ಅಡಿಕೆ ಒಣಗುವುದು ಎಲ್ಲಿ? ನೀವು ಹಸೆಮಣೆ ಹಾಕಬೇಕು ಅಂದುಕೊಂಡಿರುವ ಅದೇ ಅಂಗಳದಲ್ಲಿ. ಮನೆ ತುಂಬ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ವಾಸನೆ ಬೇರೆ. ನನಗದು ಹಬ್ಬದ ವಾಸನೆ. ನನ್ನ ಗಂಡನ ಮನೆಯವರು ದಾವಣಗೆರೆ ಕಡೆಯವರು. "ಏನೋ ಸುಟ್ಟ ಹಾಗಿದೆಯಲ್ಲ" ಅಂತ ಅಡುಗೆ ಮನೆಗೆ ಹೋಗಿ ನೋಡಿ ಬಂದರು.

ನಮ್ಮ ಮದುವೆಯಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಅಂಗಳದ ಅರ್ಧಕ್ಕೆ ಚಪ್ಪರ, ಇನ್ನರ್ಧಕ್ಕೆ ಅಡಿಕೆ. ದೊಡ್ಡಪ್ಪ ಅದಕ್ಕಿಂತ ಒಂದು ಗೇಣೂ ಬಿಟ್ಟುಕೊಡಲಿಲ್ಲ. ಧಾರೆ ಆಯಿತು, ಮೊದಲ ಪಂಕ್ತಿ ಎದ್ದಿತು. ಎರಡನೇ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದಾಗ ಗುಡ್ಡದ ಆಚೆ ಕಪ್ಪಾಯಿತು. ವಾಯುಭಾರ ಕುಸಿತ ಅಂತ ಹಿಂದಿನ ದಿನ ರೇಡಿಯೋದಲ್ಲಿ ಹೇಳಿದ್ದರಂತೆ. ಮದುವೆ ಮನೆಯಲ್ಲಿ ರೇಡಿಯೋ ಕೇಳುವವರು ಯಾರು? ಮೊದಲ ಹನಿ ಬಿದ್ದದ್ದೇ ತಡ, ದೊಡ್ಡಪ್ಪ ಎಲೆ ಬಿಟ್ಟು ಎದ್ದರು. ಉಣ್ಣುವ ಎಲೆ ಬಿಟ್ಟು ಏಳಬಾರದು ಅಂತ ನಮಗೆಲ್ಲ ಬೈದು ಕಲಿಸಿದವರು ಅವರೇ. ಅವರ ಹಿಂದೆ ಚಿಕ್ಕಪ್ಪ, ಬಡಿಸುವವರು, ಪುರೋಹಿತರು. "ಏನಾತಪ್ಪಾ, ಎಲ್ಲಿ ಬೆಂಕಿ ಬಿತ್ತು?" ಅಂತ ಮಾವನವರು ಎದ್ದು ನಿಂತರು. ಅಷ್ಟರಲ್ಲಿ ನನ್ನ ಗಂಡ, ತಲೆ ಮೇಲೆ ಬಾಸಿಂಗ ಹಾಗೇ ಇದೆ, ಪಂಚೆ ಎತ್ತಿ ಕಟ್ಟಿ ತಾಡಪಾಲಿನ ಒಂದು ತುದಿ ಹಿಡಿದು ಎಳೆಯುತ್ತಿದ್ದ. ಹತ್ತು ನಿಮಿಷದಲ್ಲಿ ಅಡಿಕೆ ಜಗಲಿಗೆ ಬಂತು. ಮದುವೆಯ ಫೋಟೋಗಳಲ್ಲಿ ನಾವು ಚೌಕಟ್ಟು ಹಾಕಿಸಿದ್ದು ಅದೊಂದಕ್ಕೇ.

ಹಾಗಾಗಿ ತೋಟದ ಮನೆ ಬೇಕು ಅನ್ನುವವರಿಗೆ ನನ್ನ ಮೊದಲ ಪ್ರಶ್ನೆ: ಕೊಯ್ಲು ಯಾವಾಗ ಅಂತ ಮನೆ ಯಜಮಾನರನ್ನು ಕೇಳಿದ್ದೀರಾ? ಎರಡು ಕೊಯ್ಲಿನ ನಡುವೆ ಒಂದಷ್ಟು ದಿನ ಅಂಗಳ ಬಿಡುವಾಗುತ್ತದೆ. ಆ ದಿನಗಳನ್ನು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಪುರೋಹಿತರ ಹತ್ತಿರ ಹೋಗಿ. ಎರಡನೆಯದು ಪಾಯಖಾನೆ. ಹಳೇ ಮನೆಯಲ್ಲಿ ಎರಡಿದ್ದರೆ ಹೆಚ್ಚು. 30 ಜನ ರಾತ್ರಿ ಉಳಿಯುವುದಾದರೆ ಬೆಳಗ್ಗೆ ಐದಕ್ಕೇ ಸಾಲು. ಅರ್ಧ ಜನರನ್ನು ಸಾಗರ, ತೀರ್ಥಹಳ್ಳಿಯ ಲಾಡ್ಜಿಗೆ ಕಳಿಸುವುದು ಮರ್ಯಾದೆಗೆ ಕಮ್ಮಿ ಏನಲ್ಲ. ಮೂರನೆಯದು ಅಜ್ಜಿ. ಎಷ್ಟೋ ಮನೆಗಳು ತೋಟದ ಬುಡದಲ್ಲಿ, ರಸ್ತೆಯಿಂದ ದರೆ ಇಳಿದು ಹೋಗುವ ಕಡೆ ಇರುತ್ತವೆ. ಮೊಣಕಾಲು ನೋವಿನ ಅಜ್ಜಿ ಇಳಿಯುವುದು ಹೇಗೆ ಅಂತ ಒಂದು ದಿನ ಮೊದಲೇ ಹೋಗಿ ನೋಡಿ.

ಶೃಂಗಾರಕ್ಕೆ ದುಡ್ಡು ಬೇಡ. ಬಾಳೆ ಕಂಬ, ಮಾವಿನ ತೋರಣ, ಸೇವಂತಿಗೆ. ಹಿಂಗಾರ ಮಾತ್ರ ಕೇಳಿಕೊಂಡು ಕೊಯ್ಯಿರಿ. ಒಂದು ಹಿಂಗಾರ ಅಂದರೆ ಮುಂದಿನ ವರ್ಷದ ಒಂದು ಅಡಿಕೆ ಕೊನೆ ಹೋಯಿತು ಅಂತ. ಹತ್ತು ಕೊಯ್ದರೆ ಯಜಮಾನರ ಮುಖ ನೋಡಬೇಕು. ಸಾಗರ, ಸೊರಬದ ಕಡೆಯ ದೀವರ ಮನೆಯ ಹಿರಿಯ ಹೆಂಗಸರಿಗೆ ಹಸೆ ಚಿತ್ತಾರ ಗೊತ್ತಿರುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಇದು ಮದುವೆಗಾಗಿಯೇ ಹುಟ್ಟಿದ ಕಲೆ. ವಧೂವರರು ಕೂರುವುದೇ ಅದರ ಎದುರು. ಒಂದು ಗೋಡೆ ಬರೆಯಲು ಎರಡು ಮೂರು ದಿನ ಬೇಕು. ಕೂಲಿ ಸರಿಯಾಗಿ ಕೊಡಿ, ಚೌಕಾಸಿ ಮಾಡಬೇಡಿ. ಪ್ಲಾಸ್ಟಿಕ್ ಹೂವಿನ ಸ್ಟೇಜಿಗಿಂತ ನೂರು ಪಾಲು ವಾಸಿ.

ಹೋಂಸ್ಟೇ

ನೆಂಟರ ತೋಟದ ಮನೆ ಇಲ್ಲದವರಿಗೆ ಸಹಜವಾಗಿ ಕಾಣುವ ದಾರಿ ಇದು. ಹಾಸಿಗೆ, ಬಿಸಿನೀರು, ಪಾಯಖಾನೆ ಎಲ್ಲ ಸರಿ ಇರುತ್ತದೆ. ನಿಮ್ಮ ಮನೆಯವರು ಪಾತ್ರೆ ತೊಳೆಯಬೇಕಿಲ್ಲ. ಗಂಡಿನ ಕಡೆಯವರು ಬೆಂಗಳೂರಿನವರು, ಹೆಣ್ಣಿನ ಕಡೆಯವರು ಹುಬ್ಬಳ್ಳಿಯವರು, ಇಬ್ಬರಿಗೂ ಊರು ಹೊಸದು ಅಂತಾದರೆ ಇದೇ ಸರಿ. ಯಾರೂ ಯಾರ ಮನೆಗೂ ನೆಂಟರಲ್ಲ, ಹಾಗಾಗಿ ಮುನಿಸೂ ಕಮ್ಮಿ.

ತೊಂದರೆ ಇರುವುದು "ಇಡೀ ಮನೆ ನಿಮಗೇ" ಅನ್ನುವ ಮಾತಲ್ಲಿ. ನನ್ನ ಚಿಕ್ಕಮ್ಮನ ಮಗನ ಮದುವೆಗೆ ಒಂದು ಕಡೆ ಹೀಗೇ ಹೇಳಿ ಮುಂಗಡ ತೆಗೆದುಕೊಂಡರು. ಹೆಸರು ಬೇಡ. ಹಿಂದಿನ ದಿನ ಸಂಜೆ ಹೋದರೆ ಹಿಂಬದಿಯ ಎರಡು ರೂಮಲ್ಲಿ ಎಂಟು ಜನ ಹುಡುಗರು, ಒಂದು ದೊಡ್ಡ ಸ್ಪೀಕರ್ರು. ದೇವರ ಸಮಾರಾಧನೆ ಒಂದು ಕಡೆ, ಡಬ್ಬಾ ಹಾಡು ಇನ್ನೊಂದು ಕಡೆ. ಬೆಳಗ್ಗೆ ಆ ಹುಡುಗರೇ ಪಾಪ ಅಂತ ಸ್ಪೀಕರ್ ಆರಿಸಿ ಊಟಕ್ಕೆ ಕೂತರು. ಒಳ್ಳೆಯ ಹುಡುಗರು, ತಪ್ಪು ಅವರದ್ದಲ್ಲ. ಅಂದಿನಿಂದ ನಾನು ಹೇಳುವುದು: ಎಷ್ಟು ರೂಮು, ಯಾವ ದಿನ, ಬೇರೆಯವರು ಇರುತ್ತಾರೋ ಇಲ್ಲವೋ, ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ.

ಇನ್ನೂ ಮೂರು ವಿಷಯ ಕೇಳಿ. ಹೋಮಕುಂಡ ಹಾಕಲು ಬಿಡುತ್ತಾರಾ? ಎಷ್ಟೋ ಕಡೆ ಮರದ ಮಾಳಿಗೆ ಇದೆ ಅಂತ ಹೊಗೆ ಬೇಡ ಅನ್ನುತ್ತಾರೆ. ಹೊರಗಿನ ಅಡುಗೆಯವರು ಬರಬಹುದಾ? ಕರೆಂಟು ಹೋದರೆ ಜನರೇಟರ್ ಇದೆಯಾ? ಮೊಬೈಲ್ ಸಿಗ್ನಲ್ ಇಲ್ಲದಿರುವುದನ್ನು ಅವರು ದೊಡ್ಡ ಗುಣ ಅಂತ ಹೇಳುತ್ತಾರೆ. ದಾರಿ ತಪ್ಪಿದ ಪುರೋಹಿತರಿಗೆ ಫೋನು ಹತ್ತದಿದ್ದಾಗ ಅದು ಗುಣ ಅಲ್ಲ.

ಕುಪ್ಪಳಿ ಮತ್ತು ಮಂತ್ರಮಾಂಗಲ್ಯ

ಇಲ್ಲಿ ಜನ ಎರಡು ಬೇರೆ ವಿಷಯವನ್ನು ಒಂದು ಮಾಡಿಕೊಳ್ಳುತ್ತಾರೆ. ಮಂತ್ರಮಾಂಗಲ್ಯ ಒಂದು ರೀತಿ. ಕುಪ್ಪಳಿ ಒಂದು ಜಾಗ, ಕುವೆಂಪು ಅವರ ಊರು. ಮಂತ್ರಮಾಂಗಲ್ಯವನ್ನು ನಿಮ್ಮ ಜಗಲಿಯಲ್ಲೂ ಮಾಡಬಹುದು, ಹೋಂಸ್ಟೇಯಲ್ಲೂ ಮಾಡಬಹುದು.

ಕುವೆಂಪು ಅವರು ವೇದ, ಉಪನಿಷತ್ತುಗಳ ಮಂತ್ರಗಳನ್ನು ಕನ್ನಡದ ಅರ್ಥ ಸಮೇತ ಜೋಡಿಸಿ ಮಾಡಿಕೊಟ್ಟ ಕ್ರಮ ಇದು. ಪುರೋಹಿತರು ಬೇಡ, ಮುಹೂರ್ತ ಬೇಡ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಮನೆಯ ಹಿರಿಯರೋ ಸ್ನೇಹಿತರೋ ಓದಿ ಪ್ರಮಾಣ ಹೇಳಿಸುತ್ತಾರೆ. 1966ರಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನು ಹೀಗೇ ಸರಳವಾಗಿ ಮಾಡಿಸಿದರು. 30 ಜನರ ಮದುವೆಗೆ ಇದಕ್ಕಿಂತ ಹೊಂದುವ ಕ್ರಮ ನಾನು ನೋಡಿಲ್ಲ. ಯಾಕೆಂದರೆ ಕೂತವರಿಗೆಲ್ಲ ಪ್ರತಿ ಮಾತೂ ಅರ್ಥವಾಗುತ್ತದೆ. 800 ಜನರ ಗಲಾಟೆಯಲ್ಲಿ ಇದು ಯಾರಿಗೂ ಕೇಳಿಸುವುದಿಲ್ಲ.

ಮುಹೂರ್ತದ ಹಂಗಿಲ್ಲದ್ದರಿಂದ ದಿನದ ಆಯ್ಕೆಯೂ ಸಲೀಸು. ಪಂಚಾಂಗದವರು ಯಾರೂ ಮುಟ್ಟದ ಒಂದು ಬುಧವಾರ ಹಿಡಿಯಿರಿ. ಅಡುಗೆಯವರು, ಗಾಡಿ, ರೂಮು ಎಲ್ಲ ಸುಲಭಕ್ಕೆ ಸಿಗುತ್ತವೆ.

ಇನ್ನು ಕುಪ್ಪಳಿ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹದಿನೇಳು ಹದಿನೆಂಟು ಕಿಲೋಮೀಟರ್. ಅಲ್ಲಿ ಮಂತ್ರಮಾಂಗಲ್ಯ ಮದುವೆಗಳು ನಡೆಯುತ್ತವೆ. ಅಲ್ಲಿನ ಕುವೆಂಪು ಪ್ರತಿಷ್ಠಾನದವರನ್ನು ಮೊದಲೇ ಕೇಳಿ ದಿನ ಗೊತ್ತು ಮಾಡಿಕೊಳ್ಳಬೇಕು. ಅವರ ನಿಯಮ ಅವರದ್ದು, ಅದಕ್ಕೆ ಒಗ್ಗಿಕೊಳ್ಳಬೇಕು. ಕವಿಶೈಲದ ಬಂಡೆಗಳ ಮೇಲೇ ಧಾರೆ ಆಗಬೇಕು ಅಂತ ಹಠ ಹಿಡಿಯುವವರಿದ್ದಾರೆ. ಅದು ಕವಿಯ ಸಮಾಧಿ ಇರುವ ಜಾಗ, 1994ರ ನವೆಂಬರಿನಲ್ಲಿ ಅವರ ಅಂತ್ಯಕ್ರಿಯೆ ಆದದ್ದು ಅಲ್ಲೇ. ಮದುವೆ ಮುಗಿಸಿ ಸಂಜೆ ಇಬ್ಬರೇ ಹತ್ತಿ ಹೋಗಿ ಕೂತು ಬನ್ನಿ, ಸಾಕು. ಇನ್ನೊಂದು, ನವೆಂಬರ್, ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ. ಶನಿವಾರ, ಭಾನುವಾರ ಹೋದರೆ ನಾಲ್ಕು ಬಸ್ಸು ಮಕ್ಕಳು ನಿಮ್ಮ ಮದುವೆಗೆ ಬಂದ ಹಾಗಿರುತ್ತದೆ.

ತೋಟದ ಮನೆಗೂ ಕುಪ್ಪಳಿಗೂ ಇಟ್ಟು ನೋಡಿದರೆ? ಎರಡೂ ಮನೆಯವರು ಬೇರೆ ಬೇರೆ ಜಾತಿಯವರಾಗಿ, ಯಾರ ಮನೆಯ ಶಾಸ್ತ್ರ ಅನ್ನುವುದೇ ಜಗಳವಾಗಿದ್ದರೆ ಕುಪ್ಪಳಿ. ಅಲ್ಲಿ ಹೋದರೆ ಯಾರೂ ಗೆದ್ದ ಹಾಗಲ್ಲ, ಯಾರೂ ಸೋತ ಹಾಗಲ್ಲ. ಆದರೆ ಅಜ್ಜಿಗೆ "ಹೋಮ ಇಲ್ಲದೆ ಇದೆಂಥ ಮದುವೆ ಮಾರಾಯ್ತಿ" ಅನ್ನಿಸುವುದಾದರೆ ಅವರನ್ನು ಅಲ್ಲಿ ಕೂರಿಸಿ ಅಳಿಸಬೇಡಿ. ಬೆಳಗ್ಗೆ ಮನೆಯಲ್ಲಿ ಒಂದು ಸಣ್ಣ ಪೂಜೆ ಅಜ್ಜಿಯ ಕೈಯಲ್ಲೇ ಮಾಡಿಸಿ ಹೊರಡಿ.

ದೇವಸ್ಥಾನ

ಹತ್ತು ಹದಿನೈದೇ ಜನ, ಒಂದೇ ದಿನದಲ್ಲಿ ಮುಗಿಯಬೇಕು, ಮಳೆ ಬಂದರೂ ತಲೆಬಿಸಿ ಬೇಡ ಅನ್ನುವವರಿಗೆ ಇದು. ದೊಡ್ಡ ಕ್ಷೇತ್ರಕ್ಕಿಂತ ನಿಮ್ಮ ಊರ ದೇವಸ್ಥಾನ ಲೇಸು. ದೊಡ್ಡ ಕಡೆ ಮುಹೂರ್ತದ ದಿನ ಒಂದರ ಹಿಂದೆ ಒಂದು ಮದುವೆ ನಡೆಯುತ್ತಿರುತ್ತದೆ. ನಿಮ್ಮ ಅಕ್ಷತೆ ಬೀಳುವಾಗ ಮುಂದಿನ ಮದುಮಗ ಕಂಬಕ್ಕೆ ಒರಗಿ ನಿಂತಿರುತ್ತಾನೆ. ಸಿಗಂದೂರಿಗೆ ಮೊದಲು ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಹೋಗಬೇಕಿತ್ತು, ಅದೇ ಒಂದು ಜರಡಿ ಇದ್ದ ಹಾಗಿತ್ತು. 2025ರ ಜುಲೈನಲ್ಲಿ 2.44 ಕಿಲೋಮೀಟರಿನ ಸೇತುವೆ ತೆರೆದ ಮೇಲೆ ಕಾರು ಸೀದಾ ಹೋಗುತ್ತದೆ. ಆಚೆ ದಡದ ತುಮರಿಯವರಿಗೆ ಅದು ದೊಡ್ಡ ಉಪಕಾರ, 60 ವರ್ಷ ಕಾದಿದ್ದರು. ಏಕಾಂತ ಹುಡುಕುವವರಿಗೆ ಮಾತ್ರ ಈಗ ಅದು ಜಾಗವಲ್ಲ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಅಂಗಳ ನೋಡಿ ಆಸೆ ಪಡದವರಿಲ್ಲ. ನಾನೂ ಪಟ್ಟಿದ್ದೆ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಚಪ್ಪರ, ಒಲೆ, ಲೈಟು ಅಂತ ಕನಸು ಕಾಣುವುದು ಬೇಡ. ಸಾಗರದಿಂದ ಐದಾರು ಕಿಲೋಮೀಟರ್, ಮದುವೆ ಮುಗಿಸಿ ಕೈ ಮುಗಿದು ಬನ್ನಿ.

ಯಾವ ದೇವಸ್ಥಾನವಾದರೂ ವಯಸ್ಸಿನ ದಾಖಲೆ, ಆಧಾರ್ ಕೇಳುತ್ತಾರೆ. ಎರಡೂ ಕಡೆಯ ಹಿರಿಯರು ಎದುರಿಗಿಲ್ಲದಿದ್ದರೆ ಎಷ್ಟೋ ಕಡೆ ಒಪ್ಪುವುದೇ ಇಲ್ಲ. ರಸೀದಿ ಜೋಪಾನ.

ಬೆಟ್ಟದ ತುದಿ

ಬೇಡ.

ಸರಿ, ಕಾರಣ ಹೇಳುತ್ತೇನೆ. ಕೊಡಚಾದ್ರಿ 1,343 ಮೀಟರ್, ಸುತ್ತ ಅಭಯಾರಣ್ಯ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಏನೂ ಮಾಡುವ ಹಾಗಿಲ್ಲ, ಬೆಂಕಿಯಂತೂ ಇಲ್ಲವೇ ಇಲ್ಲ. ಜೀಪಿನ ದಾರಿ ಹೇಗಿದೆ ಅಂದರೆ ಮೇಲೆ ಹೋಗುವಷ್ಟರಲ್ಲಿ ಜಡೆ ಬಿಚ್ಚಿ, ಸೊಂಟ ಹಿಡಿದು, ಮದುಮಗಳಿಗೆ ವಾಂತಿ. ಗಾಳಿಗೆ ಅಕ್ಷತೆ ತಲೆ ಮೇಲೆ ಬೀಳುವುದಿಲ್ಲ, ಕೊಲ್ಲೂರಿನ ಕಡೆ ಹೋಗುತ್ತದೆ. ಕುಂದಾದ್ರಿಗೆ ತುದಿವರೆಗೆ ರಸ್ತೆ ಇದೆ ನಿಜ, ಆದರೆ ಅದು ಜೈನರ ಬಸದಿ ಇರುವ ಪುಣ್ಯಸ್ಥಳ. ಮದುವೆ ಕೆಳಗೆ ಮಾಡಿ, ಮಾರನೇ ದಿನ ಬೆಳಗ್ಗೆ ಇಬ್ಬರೂ ಹತ್ತಿ ಹೋಗಿ. ಬೇಕಿದ್ದರೆ ಫೋಟೋದವನನ್ನು ಕರೆದುಕೊಂಡು.

ಕಾಗದ

ಸಣ್ಣ ಮದುವೆಯವರು ಹೆಚ್ಚು ಎಡವುವುದು ಇಲ್ಲೇ. ಮೊದಲಿಗೆ, ವಿಶೇಷ ವಿವಾಹ ಕಾಯ್ದೆ, 1954. ಮಂತ್ರಮಾಂಗಲ್ಯದವರಿಗೂ, ಬೇರೆ ಬೇರೆ ಧರ್ಮದವರಿಗೂ ನಾನು ಹೇಳುವುದು ಇದನ್ನೇ. 30 ದಿನದ ನೋಟಿಸ್ ಕೊಡಬೇಕು, ಅದನ್ನು ಕಚೇರಿಯಲ್ಲಿ ಹಚ್ಚುತ್ತಾರೆ. ಮೂರು ಸಾಕ್ಷಿ ಬೇಕು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ಮುಖ್ಯ ಮಾತು ಇದು: ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮೊದಲಿನ 30 ದಿನ ಆ ಜಿಲ್ಲೆಯಲ್ಲೇ ವಾಸವಿರಬೇಕು. ಇಬ್ಬರೂ ಬೆಂಗಳೂರಿನವರಾಗಿ, ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬಂದು ಸಾಗರದಲ್ಲಿ ರಿಜಿಸ್ಟರ್ ಮದುವೆ ಆಗುತ್ತೇವೆ ಅಂದರೆ ಆಗುವುದಿಲ್ಲ. ಅಂಥವರು ಕಾಗದದ ಮದುವೆಯನ್ನು ಬೆಂಗಳೂರಲ್ಲೇ ಮುಗಿಸಿ ಇಲ್ಲಿಗೆ ಬನ್ನಿ. ಇಲ್ಲಿನವರೇ ಆದರೆ, ಹೆಚ್ಚುವರಿ ಶುಲ್ಕ ಕಟ್ಟಿ ಅಧಿಕಾರಿಯನ್ನೇ ಹತ್ತಿರದ ಜಾಗಕ್ಕೆ ಕರೆಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಶಾಸ್ತ್ರೋಕ್ತ ಮದುವೆಯಾದವರು ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಿ ಕಚೇರಿಯಲ್ಲಿ ಆಮೇಲೆ ದಾಖಲು ಮಾಡಿಸಬಹುದು. ಈ ಕಾಯ್ದೆಯಲ್ಲಿ ಶಾಸ್ತ್ರ ಮೊದಲು, ಕಾಗದ ಆಮೇಲೆ. ಶಾಸ್ತ್ರವೇ ನಡೆಯದೆ ಬರೀ ಪ್ರಮಾಣಪತ್ರ ಇದ್ದರೆ ಮದುವೆ ಆದ ಹಾಗಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಉಪನೋಂದಣಿ ಕಚೇರಿಯಲ್ಲಿ ಸಾಮಾನ್ಯವಾಗಿ ಲಗ್ನಪತ್ರಿಕೆ ಕೇಳುತ್ತಾರೆ. ನಾವು 26 ಜನಕ್ಕೆ ಫೋನಲ್ಲೇ ಕರೆದಿದ್ದೆವು, ಪತ್ರಿಕೆಯೇ ಇರಲಿಲ್ಲ. ಮದುವೆಯಾಗಿ ಎರಡು ವಾರಕ್ಕೆ ಪ್ರೆಸ್ಸಿಗೆ ಹೋಗಿ "ಹತ್ತು ಪತ್ರಿಕೆ ಹಾಕಿಕೊಡಿ" ಅಂದೆವು. ಪ್ರೆಸ್ಸಿನವರು ದಿನಾಂಕ ನೋಡಿ, ನನ್ನ ಮುಖ ನೋಡಿ, ಏನೂ ಕೇಳದೆ ಹಾಕಿಕೊಟ್ಟರು.

ಬರುವ ದಾರಿ, ಉಣ್ಣುವ ಎಲೆ

ಬೆಂಗಳೂರಿನಿಂದ ತಾಳಗುಪ್ಪದ ರೈಲು ಶಿವಮೊಗ್ಗ, ಸಾಗರ ಎರಡಕ್ಕೂ ಬರುತ್ತದೆ. ವಯಸ್ಸಾದವರಿಗೆ ಅದೇ ಸುಖ. 2023ರಿಂದ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನವೂ ಇಳಿಯುತ್ತದೆ. ಅಲ್ಲಿಂದ ಸಾಗರಕ್ಕಾಗಲಿ ತೀರ್ಥಹಳ್ಳಿಗಾಗಲಿ ಇನ್ನೂ ಒಂದೂವರೆ ಎರಡು ಗಂಟೆ ಅನ್ನುವುದನ್ನು ಹೇಳಿಯೇ ಟಿಕೆಟ್ ಮಾಡಿಸಿ. ದೀಪಾವಳಿ ವಾರದಲ್ಲಿ ಮಾತ್ರ ಬಸ್ಸು, ರೈಲು ಯಾವುದನ್ನೂ ನೆಚ್ಚಬೇಡಿ. ನಮ್ಮಲ್ಲಿ ಅದನ್ನು ದೊಡ್ಡಹಬ್ಬ ಅಂತಲೇ ಕರೆಯುವುದು.

ಊಟದ್ದೇ ಕಷ್ಟ. 500 ಎಲೆಗೆ ಅಡುಗೆಯವರು ಓಡಿ ಬರುತ್ತಾರೆ, 30ಕ್ಕೆ ಬರುವುದಿಲ್ಲ. "ತಂಗಿ, 30 ಎಲೆಗೆ ಒಲೆ ಹಚ್ಚೋದಾ? ಅದನ್ನ ನೀವೇ ಮಾಡ್ಕೊಳ್ಬಹುದಲ್ಲ" ಅಂದರು ನಾವು ಮೊದಲು ಕೇಳಿದವರು. ಅವರ ಲೆಕ್ಕವೂ ಸರಿಯೇ. 30 ಜನಕ್ಕಾಗಲಿ 100 ಜನಕ್ಕಾಗಲಿ ಬೆಳಗಿನ ಜಾವ ನಾಲ್ಕಕ್ಕೆ ಏಳುವುದು ತಪ್ಪುವುದಿಲ್ಲ. ಎಲೆ ಲೆಕ್ಕದಲ್ಲಿ ಕೂಲಿ ಮಾತಾಡದೆ ದಿನದ ಲೆಕ್ಕದಲ್ಲಿ ಮಾತಾಡಿ, ಒಬ್ಬ ಮುಖ್ಯ ಅಡುಗೆಯವರು, ಒಬ್ಬ ಸಹಾಯಕ. ಉಳಿದದ್ದಕ್ಕೆ ಮನೆಯವರು ಕೈ ಹಾಕಿದರೆ ಆಯಿತು. ಇಲ್ಲೊಂದು ಲಾಭ ಇದೆ. ದೊಡ್ಡ ಮದುವೆಯಲ್ಲಿ ಮಾಡಲಾಗದ್ದನ್ನೆಲ್ಲ ಮಾಡಬಹುದು. ತೊಡೆದೇವು ಅನ್ನುವ ತೆಳ್ಳನೆಯ ಸಿಹಿಯನ್ನು 800 ಜನಕ್ಕೆ ಮಡಕೆಯ ಮೇಲೆ ಬರೆಯುವವರು ಯಾರು? 30 ಜನಕ್ಕೆ ಚಿಕ್ಕಮ್ಮ ಒಬ್ಬರೇ ಒಂದು ಸಂಜೆ ಕೂತು ಬರೆದರು. ಅಪ್ಪೆಹುಳಿ, ಎರಡು ಥರ ತಂಬುಳಿ, ಮೊಗೆಕಾಯಿ ಹುಳಿ, ಎಲೆ ತುದಿಗೆ ಜೀರಿಗೆ ಮಿಡಿ. ಒಕ್ಕಲಿಗರ ಮನೆಯ ಸಣ್ಣ ಮದುವೆಯಾದರೆ ಮಾರನೇ ದಿನದ ಕಡುಬು, ಕೋಳಿ ಸಾರಿಗೆ ಹೊರಗಿನ ಅಡುಗೆಯವರೇ ಬೇಡ.

ಎಲೆ ಎಷ್ಟು ಕೊಯ್ಯಬೇಕು ಅನ್ನುವುದು ಕೊನೆಗೆ ಉಳಿಯುವ ಪ್ರಶ್ನೆ. ಕರೆದದ್ದು 26 ಅಂದೆ, ಬಿದ್ದದ್ದು 34 ಅಂದೆ. ನಡುವಿನ ಎಂಟರಲ್ಲಿ ಇಬ್ಬರು ಅಡುಗೆಯವರು, ಒಬ್ಬರು ಜೀಪಿನ ಡ್ರೈವರು, ಇಬ್ಬರು ಅಡಿಕೆ ಸುಲಿಯಲು ಬಂದವರು. ಉಳಿದ ಮೂವರು ಪಕ್ಕದ ಮನೆಯವರು. "ಕರೆಯದಿದ್ರೆ ಏನಂತೆ, ಹುಡುಗಿ ನಮ್ಮ ಕಣ್ಣೆದುರು ಬೆಳೆದವಳಲ್ವಾ" ಅಂತ ಒಂದು ತಂಬಿಗೆ ಹಾಲು ಹಿಡಿದುಕೊಂಡೇ ಬಂದಿದ್ದರು. 26 ಕರೆದರೆ 40 ಎಲೆ ಕೊಯ್ದಿಡಿ.